ಹುಳಿ ತೆಗೆದ ಬುಧವಾರ

ನಾನು ನಿಂತಿದ್ದುದು ನಮ್ಮ ಓಣಿಯ ನಳದ ಪಕ್ಕ, ಮೂರು ದಾರಿ ಕೂಡುವ ಜಾಗದಿಂದ ಇಪ್ಪತ್ತೆರಡು ಹೆಜ್ಜೆ ದೂರದಲ್ಲಿ. ಮೂರು ವರ್ಷದ ಹಿಂದೆ, ಯುಗಾದಿಯಿಂದ ಎಣಿಸಿದರೆ ಹದಿನೈದನೆಯ ದಿನ, ಬುಧವಾರ, ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿತ್ತು. ಹೆಜ್ಜೆಗಳನ್ನು ಆಮೇಲೆ ಎಣಿಸಿದೆ. ಹೊತ್ತನ್ನು ಆಗಲೇ ನೋಡಿಕೊಂಡಿದ್ದೆ, ಏಕೆಂದರೆ ಆರೂವರೆಗೆ ಬಿಡಬೇಕಾದ ನೀರು ಇನ್ನೂ ಬಂದಿರಲಿಲ್ಲ. ಕನ್ನಡಕ ಹಾಕಿಕೊಂಡಿದ್ದೆ. ನಡುವೆ ಗಾಡಿಯಾಗಲಿ ದನವಾಗಲಿ ಇರಲಿಲ್ಲ.

ವೈನಿ ತಮ್ಮ ಮನೆಯಿಂದ ಬುಟ್ಟಿ ಹೊತ್ತು ಬಂದರು. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡು ಬಹಳ ವರ್ಷವಾಗಿತ್ತು, ಮನೆಯಲ್ಲಿ ಅವರೊಬ್ಬರೇ. ಮೂರು ದಾರಿಯ ಮೂಲೆಯಲ್ಲಿ ಕಸ ಹಾಕುವ ತಗ್ಗಿದೆ. ಅದರ ಅಂಚಿಗೆ ಬಂದು ಬುಟ್ಟಿಯನ್ನು ಬೋರಲು ಹಾಕಿದರು. ಬಿದ್ದದ್ದು ಇಷ್ಟು: ಆ ವರ್ಷದ ಹೊಸ ಹುಣಸೆಹಣ್ಣಿನ ಮೂರು ದೊಡ್ಡ ಉಂಡೆ, ಒಂದು ಬರಣಿಯಷ್ಟು ಮಾವಿನಕಾಯಿ ಉಪ್ಪಿನಕಾಯಿ, ಒಂದು ಗಡಿಗೆ ಮೊಸರು, ಏಳು ಲಿಂಬೆಹಣ್ಣು. ಆರು ಲಿಂಬೆ ತಗ್ಗಿಗೆ ಇಳಿದವು. ಒಂದು ಉರುಳುತ್ತ ಹೋಗಿ ಎದುರಿನ ಜೈನರ ಮನೆಯ ಮೆಟ್ಟಿಲಿಗೆ ತಾಗಿ ನಿಂತಿತು.

ವೈನಿ ತಲೆ ಎತ್ತಿದಾಗ ಅವರ ಕಣ್ಣಿಗೆ ನಾನು ಬಿದ್ದೆ.

"ನೀರ ಬಂತೇನ, ತಮ್ಮಾ?"

"ಇನ್ನೂ ಇಲ್ರಿ."

ಅಷ್ಟೇ ಮಾತು. ಅವರು ಖಾಲಿ ಬುಟ್ಟಿ ಕೊಡವಿ ಒಳಗೆ ಹೋದರು. ಬಾಗಿಲು ಹಾಕಿದ ಮೇಲೆ ನಾನು ತಗ್ಗಿನ ಹತ್ತಿರ ಹೋಗಿ ಲಿಂಬೆಹಣ್ಣುಗಳನ್ನು ಒಂದೊಂದಾಗಿ ಕಾಲಿನಿಂದ ಹೊರಳಿಸಿ ನೋಡಿದೆ. ಮೆಟ್ಟಿಲಿನದನ್ನೂ ನೋಡಿದೆ. ಒಂದನ್ನೂ ಕೊಯ್ದಿರಲಿಲ್ಲ. ಕುಂಕುಮ ಇರಲಿಲ್ಲ, ಸೂಜಿ ಇರಲಿಲ್ಲ. ನೋಡಲು ಹೋದದ್ದೇಕೆ ಎಂದು ಯಾರಾದರೂ ಕೇಳಬಹುದು. ಸಂಶಯವಿತ್ತು, ಅದಕ್ಕೆ ಹೋದೆ.

ಸಂಶಯ ಅಂದು ಹುಟ್ಟಿದ್ದಲ್ಲ. ನಾನು ಕೊಗನೊಳ್ಳಿಯಿಂದ ಅಥಣಿಯವರೆಗೆ ಮೂವತ್ತು ವರ್ಷ ಹೊಲ ಅಳೆದ ಮೋಜಣಿದಾರ. ಗಡಿಯ ಕಲ್ಲು ಒಂದು ಮೊಳ ಸರಿದಿದ್ದರೂ ಯಾರು ಸರಿಸಿದರು, ಯಾವಾಗ ಸರಿಸಿದರು ಎಂದು ನೋಡುವುದು ನನಗೆ ರೂಢಿ. ನಿವೃತ್ತಿಯಾದ ಮೇಲೆ ನಮ್ಮ ಊರಿನ ಚಿಕ್ಕ ಕ್ರೈಸ್ತ ಸಭೆಗೆ ಕಾರ್ಯದರ್ಶಿಯಾದೆ. ನಮ್ಮ ಹಳ್ಳಿ ಐನಾಪುರಕ್ಕೆ ಹತ್ತಿರ. ಪಾದ್ರಿಯವರು ಕಾಗವಾಡದಲ್ಲಿದ್ದು ಭಾನುವಾರ ಬಂದು ಹೋಗುತ್ತಿದ್ದರು. ಹಿಂದಿನ ದೀಪಾವಳಿಯ ಹೊತ್ತಿಗೆ ವೈನಿಯ ನಡತೆಯಲ್ಲಿ ಒಂದು ಕಲ್ಲು ಸರಿದಿದೆ ಎಂದು ನನಗೆ ಅನಿಸತೊಡಗಿತು. ಶನಿವಾರ ಅವರ ಮನೆಯ ಒಲೆ ಹೊತ್ತುತ್ತಿರಲಿಲ್ಲ. ಶಾಲೆಯ ಅಡುಗೆ ಕೆಲಸ ಮುಗಿಸಿ ಬಂದು, ಹಿಂದಿನ ದಿನದ ರೊಟ್ಟಿಗೆ ಚಟ್ನಿ ಹಚ್ಚಿಕೊಂಡು ಉಣ್ಣುತ್ತಿದ್ದರು. ಹಂದಿಯ ಮಾಂಸ ಬಿಟ್ಟರು. ಫೋನಿನಲ್ಲಿ ಯಾರೋ ಬೋಧಕನ ಮಾತು ಕೇಳುತ್ತಿದ್ದರು, ನಾನು ಹೋದರೆ ದನಿ ತಗ್ಗಿಸುತ್ತಿದ್ದರು. ಯಾರು ಅವನು, ಯಾವ ಪಂಗಡದವನು, ವಿಧವೆಯಿಂದ ಅವನಿಗೆ ಏನು ಬೇಕು? ಮೂರು ಶನಿವಾರ ಅವರ ಮನೆಯ ಮುಂದೆ ಯಾವ ಮೋಟರ್ ಸೈಕಲ್ಲು ನಿಲ್ಲುತ್ತದೆ ಎಂದು ನೋಡಿದೆ. ಯಾವುದೂ ನಿಲ್ಲಲಿಲ್ಲ. ಅದರಿಂದಲೂ ನನ್ನ ಸಂಶಯ ಕಡಿಮೆಯಾಗಲಿಲ್ಲ.

ಒಮ್ಮೆ ನೇರವಾಗಿ ಕೇಳಿದ್ದೆ.

"ವೈನಿ, ಈ ಶನಿವಾರದ ವ್ರತ ಯಾರ ಹೇಳಿದ್ರ ನಿಮಗ?"

"ವ್ರತ ಅಲ್ಲೋ. ಯೇಸುಸ್ವಾಮಿ ಯಾ ವಾರ ಮಾಡತಿದ್ರು?"

"ಅವರ ಕಾಲ ಬ್ಯಾರೆ."

"ಕಾಲ ಬ್ಯಾರೆ, ಅವರವ್ವನೂ ಬ್ಯಾರೆ ಏನು? ಆಕಿ ಯೆಹೂದ್ಯರ ಮಗಳು. ಮೋಶೆ ಹೇಳಿದಂಗ ಅಡಗಿ ಮಾಡತಿದ್ಲು, ಮೋಶೆ ಹೇಳಿದಂಗ ಮನಿ ಇಡತಿದ್ಲು. ಆಕಿ ಕೈಯಾಗಿನ ತುತ್ತ ತಿಂದ ಬೆಳದಾರ ಅವರು. ನಾ ಅಡಗಿಯಾಕಿ, ನನಗ ಅದs ಕಾಣತೈತಿ."

ಅರವತ್ತು ವರ್ಷ ಚರ್ಚಿಗೆ ಹೋಗಿ ಬಂದಿದ್ದೆ, ಆ ತಾಯಿಯ ಒಲೆಯ ಮೇಲೆ ಏನಿತ್ತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಮೊದಲ ಶಿಷ್ಯರೆಲ್ಲ ಯೆಹೂದ್ಯರೇ ಎಂದು ಗೊತ್ತಿತ್ತು. ಅವರು ಸ್ವಾಮಿಯನ್ನು ನಂಬಿದ ಮೇಲೂ ದೇವಾಲಯಕ್ಕೆ ಹೋದರು, ಶನಿವಾರ ಕೆಲಸ ಬಿಟ್ಟು ವಿಶ್ರಮಿಸಿದರು, ಹಬ್ಬ ಮಾಡಿದರು, ತಿನ್ನಬಾರದ್ದನ್ನು ತಿನ್ನಲಿಲ್ಲ. ಹೊರಗಿನ ಜನ ಸೇರಿದಾಗ ಅವರ ಮೇಲೆ ಎಷ್ಟು ನೇಮ ಹೊರಿಸಬೇಕೆಂದು ಹಿರಿಯರು ಕುಳಿತು ವಾದ ಮಾಡಿದರು. ಇದನ್ನೆಲ್ಲ ಓದಿದ್ದೆ. ಆದರೆ ಊರಿನ ಹಳೆ ನಕಾಶೆಯನ್ನು ಓದಿದಂತೆ ಓದಿದ್ದೆ, ಅಲ್ಲಿ ಯಾರೋ ವಾಸವಿದ್ದರು ಎಂದಲ್ಲ. ನಾನು ಪಾದ್ರಿಯವರಿಗೆ ಹೇಳಿದೆ. ಅವರು, "ಮೋಶೆಯ ಧರ್ಮಶಾಸ್ತ್ರದ ನೊಗ ಮತ್ತ ಹೆಗಲಿಗೆ ಹಾಕ್ಕೊಳ್ಳಾಕತ್ತಾರ. ಕಣ್ಣಿಟ್ಟಿರ್ರಿ," ಎಂದರು. ನಾನು ಕಣ್ಣಿಟ್ಟೆ.

ಬುಧವಾರಕ್ಕೆ ಬರುತ್ತೇನೆ. ಏಳೂವರೆಗೆ ಚಹಾದ ಅಂಗಡಿಗೆ ಹೋದೆ. ಅಲ್ಲಿ ನಾಲ್ಕಾರು ಜನ ಇದ್ದರು. ನಾನು ಒಂದೇ ಒಂದು ಮಾತು ಹೇಳಿದೆ: "ನಮ್ಮ ವೈನಿ ಮುಂಜಾನೆ ಮೂರು ದಾರಿಯಾಗ ಲಿಂಬಿಹಣ್ಣ ಚೆಲ್ಲ್ಯಾರ." ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಹುಣಸೆಹಣ್ಣು ಹೇಳಲಿಲ್ಲ, ಉಪ್ಪಿನಕಾಯಿ ಹೇಳಲಿಲ್ಲ, ಮೊಸರು ಹೇಳಲಿಲ್ಲ. ಕೊಯ್ಯದ ಹಣ್ಣು ಎಂದೂ ಹೇಳಲಿಲ್ಲ. ನಮ್ಮ ಕಡೆ ಮೂರು ದಾರಿ ಮತ್ತು ಲಿಂಬೆಹಣ್ಣು ಎಂಬ ಎರಡು ಮಾತು ಒಟ್ಟಿಗೆ ಬಂದರೆ ಮೂರನೆಯ ಮಾತನ್ನು ಕೇಳುವವರೇ ಹಾಕಿಕೊಳ್ಳುತ್ತಾರೆ. ಮಾಟಕ್ಕೆ ಇಲ್ಲಿ ಮರಾಠಿಯಿಂದ ಬಂದ ಹೆಸರು, ಕರಣಿ. ಸಂಜೆಯ ಹೊತ್ತಿಗೆ ಊರಲ್ಲಿ ಕರಣಿಯ ಮಾತು ಹಬ್ಬಿತ್ತು. ಹಣ್ಣು ಒಂಬತ್ತಾಗಿದ್ದವು, ಪ್ರತಿಯೊಂದಕ್ಕೂ ಸೂಜಿ ಇತ್ತು. ಎದುರಿನ ಜೈನರ ಮನೆಯ ಸೊಸೆಗೆ ಏಳು ತಿಂಗಳು, ಅವಳ ಮೇಲೆ ಮಾಡಿದ್ದು ಎಂದು ಕಾರಣವೂ ಸಿಕ್ಕಿತ್ತು.

ವೈನಿಗೆ ಇದರಿಂದ ಹೋಗಬಹುದಾದದ್ದು ಒಂದೇ, ಶಾಲೆಯ ಒಲೆ. ಆಕೆ ಬಿಸಿಯೂಟದ ಮುಖ್ಯ ಅಡುಗೆಯವರು. ನಮ್ಮ ಓಣಿಯ ಹೆಂಗಸು ಆ ಒಲೆಯ ಮುಂದೆ ಕೂಡ್ರುವುದಕ್ಕೇ ಮೊದಲು ಊರಲ್ಲಿ ಮಾತು ಬಂದಿತ್ತು. ಎರಡು ವರ್ಷ ಕೆಲವು ಮಕ್ಕಳು ಮನೆಯಿಂದ ಡಬ್ಬಿ ತಂದರು, ಆಮೇಲೆ ಸಾರಿನ ವಾಸನೆಗೆ ಸೋತು ಡಬ್ಬಿ ಬಿಟ್ಟರು. ವೈನಿ ಗೆದ್ದದ್ದು ಕೈಯ ರುಚಿಯಿಂದ. ಈಗ ಆ ಕೈಯ ಮೇಲೆಯೇ ಸಂಶಯ.

ಗುರುವಾರ ಮಧ್ಯಾಹ್ನ ನಡೆದದ್ದನ್ನು ನಾನು ಕಂಡಿಲ್ಲ, ಹೆಡ್‌ಮಾಸ್ತರರು ಹೇಳಿದ್ದನ್ನು ಬರೆಯುತ್ತಿದ್ದೇನೆ. ಮಕ್ಕಳಿಗೆ ಬಡಿಸುವ ಮುಂಚೆ ಅಡುಗೆಯವರೂ ಒಬ್ಬ ಮಾಸ್ತರರೂ ರುಚಿ ನೋಡಬೇಕೆಂಬುದು ನಿಯಮ. ಹೆಡ್‌ಮಾಸ್ತರರು ಚಮಚ ಕೊಟ್ಟರು. ವೈನಿ ಕೈ ಹಿಂದೆ ತೆಗೆದುಕೊಂಡರು.

"ಇವತ್ತ ನಾ ನೋಡಂಗಿಲ್ರಿ ಸರ್."

"ಯಾಕವ್ವಾ?"

"ಅದರಾಗ ಹುಳಿ ಐತ್ರಿ."

"ಸಾಂಬಾರದಾಗ ಹುಳಿ ಇರದ ಮತ್ತೇನ ಇರತೈತಿ?"

ಹಿಂದಿನ ದಿನ ಮೂರು ದಾರಿಯಲ್ಲಿ ಲಿಂಬೆ ಚೆಲ್ಲಿದ ಹೆಂಗಸು, ಇಂದು ತಾನೇ ಮಾಡಿದ ಸಾಂಬಾರನ್ನು ತಾನು ಮುಟ್ಟುವುದಿಲ್ಲ ಅನ್ನುತ್ತಾಳೆ. ಹೆಡ್‌ಮಾಸ್ತರರ ಜಾಗದಲ್ಲಿ ನಾನಿದ್ದರೂ ಚಮಚ ಕೆಳಗಿಡುತ್ತಿದ್ದೆ. ಅವರು ಪಾತ್ರೆಗೆ ಮುಚ್ಚಳ ಹಾಕಿಸಿ, ಮಕ್ಕಳಿಗೆ ಅನ್ನಕ್ಕೆ ಉಪ್ಪು ಎಣ್ಣೆ ಕಲಸಿಕೊಟ್ಟು, ಶಾಲೆಯ ಸಮಿತಿಯ ಅಧ್ಯಕ್ಷರಿಗೆ ಫೋನ್ ಮಾಡಿದರು. ಅಧ್ಯಕ್ಷರು ಕಬ್ಬಿನ ರೈತರು, ಶಿರಗುಪ್ಪಿಗೆ ಟ್ರ್ಯಾಕ್ಟರ್ ಕಳಿಸಿ ನೇರ ಶಾಲೆಗೆ ಬಂದರು. ಬುಧವಾರ ನಾನು ನಳದ ಹತ್ತಿರ ನಿಂತಿದ್ದುದು ಎಲ್ಲರಿಗೂ ಗೊತ್ತಿತ್ತು, ಸಾಕ್ಷಿಯಾಗಿ ಕರೆಸಿದರು.

ಹೊರಡುವಾಗ ಪಾದ್ರಿಯವರ ಫೋನ್ ಬಂತು. ಅವರಿಗೆ ಸುದ್ದಿ ಮುಟ್ಟಿತ್ತು. "ನೋಡ್ರಿ, ಈ ಹುಳಿ ಬಿಡೂದು ನಮ್ಮ ಗ್ರಂಥದಾಗ ಐತಿ ಅಂತ ಮಾತ್ರ ಅಲ್ಲಿ ಹೇಳಬ್ಯಾಡ್ರಿ. ಕ್ರಿಸ್ತರ ಜನಾನs ಕರಣಿ ಮಾಡತಾರ ಅಂತಾರ. ಸಭಾ ಉಳಿಬೇಕು." ಹೂಂ ಎಂದೆ. ಅವರ ಭಯ ಸುಳ್ಳಲ್ಲ.

ಎರಡೂವರೆಗೆ ಶಾಲೆಯ ಕಟ್ಟೆಯ ಮೇಲೆ ಸೇರಿದೆವು. ಅಧ್ಯಕ್ಷರು, ಹೆಡ್‌ಮಾಸ್ತರರು, ಎರಡನೆಯ ಅಡುಗೆಯ ಹೆಂಗಸು, ಎದುರುಮನೆಯ ಜೈನರ ಅಕ್ಕ, ಅಂದರೆ ಆ ಸೊಸೆಯ ಅತ್ತೆ, ಮತ್ತು ನಾನು. ಕೆಳಗೆ ಅಂಗಳದಲ್ಲಿ ಮಕ್ಕಳ ತಂದೆತಾಯಿಗಳು. ವೈನಿ ಕಂಬಕ್ಕೆ ಒರಗಿ ನಿಂತಿದ್ದರು, ಕೈಯಲ್ಲಿ ಬಟ್ಟೆಯ ಚೀಲ.

ಅಧ್ಯಕ್ಷರು ನನ್ನನ್ನೇ ಮೊದಲು ಹಿಡಿದರು. "ಮೋಜಣಿದಾರ್ರ, ಹೇಳ್ರಿ. ಹಣ್ಣಿಗೆ ಸೂಜಿ ಚುಚ್ಚಿದ್ದು ಖರೆ ಏನು?"

"ಇಲ್ರಿ ಅಣ್ಣಾರ. ಏಳ ಹಣ್ಣ. ಸೂಜಿ ಇಲ್ಲ, ಕುಂಕುಮ ಇಲ್ಲ."

"ಇಪ್ಪತ್ತ ಹೆಜ್ಜಿ ಮ್ಯಾಲಿಂದ ಸೂಜಿ ಕಾಣತೈತೇನ್ರಿ ನಿಮಗ? ಭಾಳ ಚಲೋ ಅದಾವ ಕಣ್ಣ. ನನಗ ಮೂರ ಹೆಜ್ಜಿ ಮ್ಯಾಲ ನಿಂತ ಹೆಂಡತಿ ಮುಖ ಕಾಣಂಗಿಲ್ಲ."

ಕೆಳಗಿನವರು ನಕ್ಕರು. "ಆಮ್ಯಾಲ ಹೋಗಿ ಹೊರಳಿಸಿ ನೋಡೀನ್ರಿ," ಎಂದೆ. "ಹುಣಸಿಹಣ್ಣು, ಉಪ್ಪಿನಕಾಯಿ, ಮೊಸರೂ ಚೆಲ್ಲ್ಯಾರ."

"ಅದನ್ನ ಯಾರೂ ಹೇಳಲಿಲ್ಲಲ್ಲ. ಚಾದ ಅಂಗಡಿಯಾಗ ಬರೇ ಲಿಂಬಿಹಣ್ಣ ಅಂದವರ ಯಾರು?"

"ನಾನs ರೀ."

ವೈನಿ ನನ್ನ ಕಡೆ ನೋಡಿದರು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಲೆಕ್ಕ ತಪ್ಪಿದವರನ್ನು ನೋಡುವಂತೆ ನೋಡಿದರು.

"ನೋಡಿ ಬಂದೂ ಹಂಗ ಹೇಳಿದ್ರ್ಯಾ?" ಎಂದರು ಅಧ್ಯಕ್ಷರು.

"ಹೌದ್ರಿ."

ಅಧ್ಯಕ್ಷರು ವೈನಿಯ ಕಡೆ ತಿರುಗಿದರು. "ವರ್ಷದ ಹುಣಸಿಹಣ್ಣ ಯಾರಾರ ಚೆಲ್ಲತಾರೇನ್ಬೇ? ಯಾಕ ಚೆಲ್ಲಿದಿ?"

ವೈನಿ ಚೀಲದಿಂದ ಕನ್ನಡದ ಗ್ರಂಥ ತೆಗೆದರು. ಪಾದ್ರಿಯವರು ಬೇಡ ಎಂದದ್ದು ನನ್ನ ಕಿವಿಯಲ್ಲಿತ್ತು. ಆದರೂ ನಾನು, "ಇದು ನಮ್ಮ ಗ್ರಂಥದಾಗ ಐತ್ರಿ. ಯೆಹೂದ್ಯರ ಹಬ್ಬ. ಯೇಸುಸ್ವಾಮಿ ಕಡೇ ಊಟ ಮಾಡಿದ್ದು ಅದs ಹಬ್ಬದಾಗ," ಎಂದೆ. ವೈನಿ ಬೆರಳಿಟ್ಟು ತೋರಿಸಿದರು. ಏಳು ದಿನ ಮನೆಯಲ್ಲಿ ಹುಳಿ ಇರಬಾರದು ಎಂಬ ಅರ್ಥದ ಮಾತು. ಒಂದು ಕಡೆ ಹುಳಿಹಿಟ್ಟು ಎಂದಿತ್ತು, ಇನ್ನೊಂದು ಕಡೆ ಬರೀ ಹುಳಿ.

"ಹಿಟ್ಟ ನಾ ಹುಳಿ ಬರಾಕ ಬಿಡಂಗಿಲ್ರಿ," ಎಂದರು ವೈನಿ. "ಜ್ವಾಳದ ರೊಟ್ಟಿ, ಕಲಸೂದು, ಬಡಿಯೂದು. ಉಳದ ಹುಳಿ ಎಲ್ಲಾ ತಗದ ಹಾಕೀನಿ. ಸಾಲಿ ನನ್ನ ಮನಿ ಅಲ್ಲ, ಅದಕ್ಕ ಇಲ್ಲಿ ಸಾಂಬಾರದಾಗ ಹುಳಿ ಹಾಕೀನಿ. ಬಾಯಾಗ ಮಾತ್ರ ಹಾಕ್ಕೊಳ್ಳಲಿಲ್ಲ."

ಹೆಡ್‌ಮಾಸ್ತರರು ಹಣೆ ಒರೆಸಿಕೊಂಡರು. ಜೈನರ ಅಕ್ಕ ಅಲ್ಲಿಯವರೆಗೆ ಬಾಯಿ ತೆರೆದಿರಲಿಲ್ಲ. ಆಕೆ ಮಿರಜ ಕಡೆಯ ಹೆಣ್ಣು, ಮರಾಠಿ ಶಾಲೆಯಲ್ಲಿ ಕಲಿತವರು.

"ಇದರ ಮರಾಠಿ ಐತೇನ್ಬೇ ನಿನ್ನ ಹಂತ್ಯಾಕ?"

"ಐತ್ರಿ ಅಕ್ಕಾರ. ನಮ್ಮವರದು. ನನಗ ಓದಾಕ ಬರಂಗಿಲ್ಲ."

ಅಣ್ಣ ಮಿರಜದಲ್ಲಿ ಕೆಲಸಕ್ಕಿದ್ದಾಗ ಕೊಂಡ ಪುಸ್ತಕ ಅದು, ಚೀಲದಲ್ಲಿತ್ತು. ಎರಡರಲ್ಲೂ ಅಧ್ಯಾಯದ ಸಂಖ್ಯೆ ಒಂದೇ, ನಾನು ಹುಡುಕಿ ಕೊಟ್ಟೆ. ಅಕ್ಕ ಕನ್ನಡಕ ಏರಿಸಿ ತುಟಿಯಲ್ಲೇ ಓದಿಕೊಂಡರು. ಒಂದು ಶಬ್ದಕ್ಕೆ ಬಂದು ನಿಂತು, ಮತ್ತೆ ಓದಿ, ಜೋರಾಗಿ ಹೇಳಿದರು:

"ಖಮೀರ!"

"ಹಂಗಂದ್ರ?" ಅಧ್ಯಕ್ಷರು ಕೇಳಿದರು.

"ಅಯ್ಯ, ಖಮೀರ ಅಂದ್ರ ಹುಣಸಿಹಣ್ಣಲ್ಲ ಬೇ ಹುಚ್ಚಿ! ಹಿಟ್ಟ ಉಬ್ಬಸೂದು. ಬೇಕರ್ಯಾಗ ಪಾವಿಗೆ ಹಾಕತಾರಲ್ಲ, ಅದು. ಅದರಾಗ ಜೀವ ಹುಟ್ಟತಾವಂತ ನಾವು ಪಾವ ಮುಟ್ಟಂಗಿಲ್ಲ. ನಿಮ್ಮ ದೇವರಿಗೂ ಬ್ಯಾಡೇನು ಪಾವ?"

"ಏಳ ದಿನ ಅಷ್ಟs ರೀ."

"ನಮಗ ಜನ್ಮಾನs. ನೀ ಪಾರಾದಿ."

ಮೊದಲು ನಕ್ಕವರು ಹೆಡ್‌ಮಾಸ್ತರರು. ಆಮೇಲೆ ಅಂಗಳ. ಅಕ್ಕ ಬಿಡಲಿಲ್ಲ. "ಹಂಗಾರ ನಿನ್ನ ಮನ್ಯಾಗ ಖಮೀರ ಏನೇನ ಐತಿ, ಹೇಳ?"

"ಪಾವ ಇಲ್ರಿ ಅಕ್ಕಾರ." ಆಮೇಲೆ ವೈನಿಗೆ ನೆನಪಾಯಿತು. "ಟೋಸ್ಟ್ ಅದಾವ."

"ತಿಂದಿಯೇನ?"

"ಮುಂಜಾನಿ ಎರಡು. ಚಾದಾಗ ಅದ್ದಿ."

ನಗು ಇನ್ನೂ ದೊಡ್ಡದಾಯಿತು. ಊರು ಕರಣಿಯನ್ನು ಮರೆಯಲು ಇದು ಸಾಕಾಗಿತ್ತು. ಆದರೆ ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು, ಮತ್ತು ಅವರು ನಗುತ್ತಿರಲಿಲ್ಲ. ನಾನು ನಾಲ್ಕು ಅಡಿ ದೂರದಲ್ಲಿದ್ದೆ, ಇದರಲ್ಲಿ ನನಗೆ ಸಂಶಯವಿಲ್ಲ. ತೆಗೆಯಬಾರದ್ದನ್ನೆಲ್ಲ ತೆಗೆದು ಹಾಕಿ, ತೆಗೆಯಬೇಕಾದದ್ದನ್ನು ಡಬ್ಬಿಯಲ್ಲಿಟ್ಟುಕೊಂಡು ಹಬ್ಬದ ಮೊದಲ ಬೆಳಿಗ್ಗೆಯೇ ತಿಂದಿದ್ದರು. ನನಗೆ ಮಾತ್ರ ಕೇಳುವಂತೆ, "ತಮ್ಮಾ, ನೇಮ ಮುರದಂಗಾತೇನೋ?" ಎಂದರು. ಮುರಿದಿದೆಯೋ ಇಲ್ಲವೋ ಹೇಳಲು ನಮ್ಮ ತಾಲೂಕಿನಲ್ಲಿ ಯಾರಿದ್ದಾರೆ? ಆ ಹಬ್ಬದ ಜನರಿಂದ ಗ್ರೀಕರಿಗೆ, ಅವರಿಂದ ಇನ್ನೊಬ್ಬರಿಗೆ, ಕಡೆಗೆ ನಮ್ಮ ಓಣಿಗೆ ಮಾತು ನಡೆದು ಬಂದಿದೆ. ದಾರಿಯಲ್ಲಿ ಎಲ್ಲೆಲ್ಲಿ ಕಲ್ಲು ಸರಿದಿದೆ ಎಂದು ಅಳೆದವರಾರು? "ಗೊತ್ತಿಲ್ರಿ ವೈನಿ," ಎಂದೆ. ಅದು ನಿಜ.

ಹೆಡ್‌ಮಾಸ್ತರರು ಪಾತ್ರೆ ತರಿಸಿದರು. ಸಾಂಬಾರು ಆರಿತ್ತು. ವೈನಿ ಎಲ್ಲರ ಎದುರು ಚಮಚ ತುಂಬಿ ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದರು.

"ಉಪ್ಪ ಕಡಿಮಿ ಆಗೇತಿ," ಎಂದರು.

"ಹಂಗಾರ ನಾಳಿ ರಜಾ, ನಾಡದ ಬಂದ ಸರಿಯಾಗಿ ಹಾಕು," ಎಂದು ಅಧ್ಯಕ್ಷರು ಎದ್ದರು. ಒಲೆ ಉಳಿಯಿತು ಎಂದು ಅಂದುಕೊಂಡೆ.

ಮರುದಿನ ಶುಭ ಶುಕ್ರವಾರ. ಸ್ವಾಮಿಯ ಕಡೆಯ ಊಟದ ನೆನಪಿಗೆ ಸಭೆಯಲ್ಲಿ ಹಂಚುವ ಪ್ರಭುಭೋಜನಕ್ಕೆ ರೊಟ್ಟಿ ತರುವುದು ಕಾರ್ಯದರ್ಶಿಯ ಕೆಲಸ. ಪ್ರತಿವರ್ಷದಂತೆ ನಾನು ಐನಾಪುರದ ಬೇಕರಿಯಿಂದ ಬ್ರೆಡ್ ತಂದಿದ್ದೆ, ತುಂಡು ಮಾಡಿ ತಟ್ಟೆಯಲ್ಲಿಟ್ಟಿದ್ದೆ. ಉಬ್ಬಿದ, ಮೆತ್ತಗಿನ ಬ್ರೆಡ್. ಇಡುವಾಗ ನನ್ನ ಕೈ ನಿಂತಿತು, ಆದರೂ ಇಟ್ಟೆ. ಅದನ್ನು ತೆಗೆದುಕೊಳ್ಳಲು ವೈನಿ ಮುಂದೆ ಬರಲಿಲ್ಲ. ಪಾದ್ರಿಯವರು ಅದನ್ನು ನೋಡಿದರು, ನನ್ನನ್ನೂ ನೋಡಿದರು. ಗ್ರಂಥದ ಮಾತು ಶಾಲೆಯ ಕಟ್ಟೆಯ ಮೇಲೆ ಎತ್ತಿದ್ದಕ್ಕೆ ಅವರು ನನ್ನೊಡನೆ ಮತ್ತೆ ಮೊದಲಿನಂತೆ ಮಾತಾಡಲಿಲ್ಲ.

ಒಲೆ ಪೂರ್ತಿ ಉಳಿಯಲಿಲ್ಲ ಎಂಬುದನ್ನೂ ಬರೆಯಬೇಕು. ಬೇಸಿಗೆ ರಜೆಯವರೆಗೆ ಕೆಲವು ಮಕ್ಕಳು ಮತ್ತೆ ಡಬ್ಬಿ ತಂದರು. ಜೂನಿನಲ್ಲಿ ಶಾಲೆ ತೆರೆದಾಗ ವೈನಿ ಅಡುಗೆ ಮಾಡಲಿ, ಬಡಿಸುವುದು ಮಾತ್ರ ಎರಡನೆಯವಳು ಮಾಡಲಿ ಎಂದು ಯಾರೋ ಹೇಳಿದರು. ಯಾರು ಹೇಳಿದರು ಎಂದು ಕಂಡುಹಿಡಿಯಲು ನನಗೆ ಆಗಲಿಲ್ಲ. ಈಗಲೂ ಹಾಗೆಯೇ ನಡೆದಿದೆ. ಸೌಟು ಅವರ ಕೈಗೆ ಬಂದಿಲ್ಲ. ಜೈನರ ಮನೆಯಲ್ಲಿ ಗಂಡು ಕೂಸು ಹುಟ್ಟಿ ಓಡಾಡುತ್ತಿದೆ, ಆದರೂ ಹೋದ ತಿಂಗಳು ಅಥಣಿಯ ಬಸ್ಸಿನಲ್ಲಿ ನನ್ನ ಹಿಂದೆ ಕುಳಿತವರು ಸೂಜಿ ಚುಚ್ಚಿದ ಒಂಬತ್ತು ಲಿಂಬೆಯ ಕತೆಯನ್ನು ನಮ್ಮ ಊರಿನ ಹೆಸರು ಹೇಳಿಯೇ ಹೇಳುತ್ತಿದ್ದರು. ನಾನು ತಿರುಗಿ, ಏಳು, ಸೂಜಿ ಇರಲಿಲ್ಲ, ಎಂದೆ. ನಿಮಗ ಹೆಂಗ ಗೊತ್ತು ಎಂದು ಅನುಮಾನದಿಂದ ನೋಡಿದರು. ಅದಕ್ಕೆ ಇದನ್ನು ಬರೆದಿಟ್ಟೆ.

ಬುಧವಾರ ಹಣ್ಣು ಬಿದ್ದದ್ದನ್ನು ನಾನಲ್ಲದೆ ಕಂಡವರು ಯಾರೂ ಇಲ್ಲ. ಗುರುವಾರ ವೈನಿ ಸಾಂಬಾರಿನ ರುಚಿ ನೋಡಿದ್ದನ್ನು ಕಟ್ಟೆಯ ಮೇಲಿದ್ದ ನಾವೆಲ್ಲ ಕಂಡೆವು. ಅಧ್ಯಕ್ಷರು ಹೋದ ವರ್ಷ ಎದೆನೋವಿನಿಂದ ತೀರಿಕೊಂಡರು. ಪಾದ್ರಿಯವರಿಗೆ ರಾಯಬಾಗಕ್ಕೆ ವರ್ಗವಾಗಿದೆ, ಅವರು ಅಂದು ಅಲ್ಲಿರಲಿಲ್ಲ, ಅವರ ಮಾತನ್ನು ಇದರಲ್ಲಿ ಸಾಕ್ಷಿಯಾಗಿ ಹಿಡಿಯಬಾರದು. ಹೆಡ್‌ಮಾಸ್ತರರು ನಿವೃತ್ತರಾಗಿ ಚಿಕ್ಕೋಡಿಯಲ್ಲಿ ಮಗಳ ಮನೆಯಲ್ಲಿದ್ದಾರೆ, ಕಿವಿ ಮಂದ, ನೆನಪು ಚೆನ್ನಾಗಿದೆ. ಜೈನರ ಅಕ್ಕ ಅದೇ ಮನೆಯಲ್ಲಿದ್ದಾರೆ, ಸೂರ್ಯ ಮುಳುಗುವ ಮುಂಚೆ ಹೋದರೆ ಊಟದ ಹೊತ್ತಿಗೆ ಸಿಗುತ್ತಾರೆ. ಎರಡನೆಯ ಅಡುಗೆಯ ಹೆಂಗಸು ಇದ್ದಾಳೆ, ಸೌಟು ಅವಳ ಕೈಯಲ್ಲಿದೆ. ವೈನಿ ಇದ್ದಾರೆ.